ನಾಲ್ಕು ಜಿಬಿಯಲ್ಲಿ ಹತ್ತನೇ ಕ್ಲಾಸು

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಕಂಪ್ಯೂಟರನ್ನು 2013ರಲ್ಲಿ ಕೊಂಡದ್ದು ಮಗನ ಓದಿಗೆ. ಇಂಟೆಲ್ ಐ3 ಪ್ರೊಸೆಸರ್, ಅದೂ ಮೂರನೇ ಪೀಳಿಗೆಯದು. 4 ಜಿಬಿ ರ‍್ಯಾಮ್. 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರಶ್ನೆಪತ್ರಿಕೆ ಟೈಪ್ ಮಾಡಲು, ಮಕ್ಕಳ ಅಂಕ ತುಂಬಲು, ಯಾರಾದರೂ ಕೇಳಿದರೆ ಒಂದು ಅರ್ಜಿ ಹಾಕಿಕೊಡಲು ಅದು ಯಾವತ್ತೂ ಕಡಿಮೆ ಬಿದ್ದಿರಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದ ಮೇಲೆ ಅದೇ ಪೆಟ್ಟಿಗೆಯಿಂದ ಹತ್ತನೇ ತರಗತಿ ನಡೆಸಬೇಕಾಗಿ ಬಂತು.

ನಾನು ಕುರುಗೋಡು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ, ಮೆಣಸಿನಕಾಯಿ ಬೆಳೆಯುವ ಸೀಮೆ. ನಮ್ಮಲ್ಲಿಗೆ ಬರುವವರಲ್ಲಿ ಆ ಹೊಲಗಳಿಗೆ ಕೂಲಿಗೆ ಹೋಗುವವರ ಮಕ್ಕಳೇ ಹೆಚ್ಚು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಿಂದ ಜುಲೈ 4ರವರೆಗೆ, ಮಾಸ್ಕು, ಸ್ಯಾನಿಟೈಸರುಗಳ ನಡುವೆ ಹೇಗೋ ಮುಗಿಯಿತು. ಹೊಸದಾಗಿ ಹತ್ತಕ್ಕೆ ಬಂದ ಮಕ್ಕಳು ಮಾತ್ರ ಶಾಲೆಯ ಬಾಗಿಲನ್ನೇ ನೋಡದೆ ಮನೆಯಲ್ಲಿ ಕುಳಿತಿದ್ದರು. ಚಂದನ ವಾಹಿನಿಯಲ್ಲಿ ಪಾಠಗಳು ಬರತೊಡಗಿದವು, ಚೆನ್ನಾಗಿಯೇ ಇದ್ದವು. ಆದರೆ ಪಾಠದ ಹೊತ್ತಿಗೆ ಕರೆಂಟು ಹೋದರೆ ಆ ದಿನದ್ದು ಹೋದಂತೆಯೇ. ಒಬ್ಬ ಹುಡುಗಿ ಫೋನಿನಲ್ಲಿ ಹೇಳಿದಳು: “ಮೇಡಂ, ಟಿವಿಯಾಗ ಅವ್ರು ಜೋರ್ ಹೋಗಿಬಿಡ್ತಾರ. ನಿಲ್ರಿ ಅಂದ್ರ ನಿಲ್ಲಲ್ಲ. ನೀವೇ ಹೇಳ್ರಿ.” ನಿಲ್ಲಿಸಿ ನಿಲ್ಲಿಸಿ ನೋಡಬಹುದಾದ ಪಾಠ ಅವಳಿಗೆ ಬೇಕಿತ್ತು. ಅದನ್ನು ನಾನೇ ಮಾಡುವುದೆಂದು ಕೂತೆ.

ಬೆಳಕಿನ ಪಾಠದಿಂದ ಶುರು. ನಿಮ್ನ ದರ್ಪಣ, ಪೀನ ದರ್ಪಣ, ಮಸೂರ, ಕಿರಣ ಚಿತ್ರಗಳು. ಕೋಣೆಯ ಗೋಡೆಗೆ ಕಪ್ಪು ಹಲಗೆ ಒರಗಿಸಿ, ಪುಸ್ತಕಗಳ ಅಟ್ಟಿಯ ಮೇಲೆ ಫೋನ್ ನಿಲ್ಲಿಸಿ ರೆಕಾರ್ಡ್ ಮಾಡಿದೆ. ಫ್ಯಾನ್ ಹಾಕಿದರೆ ದನಿಯ ಹಿಂದೆ ಗುಂಯ್‌ಗುಡುತ್ತದೆ. ಹಾಕದಿದ್ದರೆ ಬಳ್ಳಾರಿಯ ಸೆಕೆಯಲ್ಲಿ ಮಾತೇ ತಡವರಿಸುತ್ತದೆ. ರೆಕಾರ್ಡಿಂಗ್ ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ತಡವರಿಸಿದ ಕಡೆ ಕತ್ತರಿಸಬೇಕು, ಚಿತ್ರ ಸೇರಿಸಬೇಕು, ಸೂತ್ರಗಳನ್ನು ಕನ್ನಡ ಅಕ್ಷರದಲ್ಲಿ ಮೂಡಿಸಬೇಕು. ಫೋನಿನ ಫೈಲನ್ನು ಕಂಪ್ಯೂಟರಿಗೆ ಹಾಕಿ ಎಡಿಟಿಂಗ್ ಪ್ರೋಗ್ರಾಂ ತೆರೆದೆ. ಪ್ಲೇ ಒತ್ತಿದರೆ ನನ್ನ ದನಿ ಮುಂದೆ ಹೋಗುತ್ತಿತ್ತು, ಮುಖ ಬಾಯ್ದೆರೆದು ನಿಂತಲ್ಲೇ ನಿಂತಿರುತ್ತಿತ್ತು. ಎಲ್ಲಿ ಕತ್ತರಿಸಬೇಕೆಂದು ಕಣ್ಣಿಗೆ ಕಾಣದೆ ಅಂದಾಜಿನ ಮೇಲೆ ಕತ್ತರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪ್ರೋಗ್ರಾಂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಗಲು ಕೋವಿಡ್ ಸರ್ವೆ ಡ್ಯೂಟಿ, ಸಂಜೆ ಮನೆಗೆಲಸ. ಈ ಕೆಲಸಕ್ಕೆ ಉಳಿದದ್ದು ರಾತ್ರಿ ಮಾತ್ರ. ಕತ್ತು ಹಿಡಿದುಕೊಂಡು, ಕಣ್ಣು ಉರಿದು, ಒಂದು ವಾಕ್ಯವೂ ನೆಟ್ಟಗೆ ಕತ್ತರಿಸಲಾಗದೆ ಮಲಗಿದ ರಾತ್ರಿಗಳಿವೆ. ಮಾರನೆಯ ಬೆಳಿಗ್ಗೆ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಪ್ರಶ್ನೆ ಇರುತ್ತಿತ್ತು: “ಮೇಡಂ, ವಿಡಿಯೋ?”

ಕೇಳಿದವರೆಲ್ಲ ಹೇಳಿದ್ದು ಒಂದೇ. ಈ ಕಂಪ್ಯೂಟರ್ ಎಡಿಟಿಂಗ್‌ಗೆ ಸಾಲದು, ಹೊಸದು ತಗೊಳ್ಳಿ. ಐ7, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಂದು ಅಂಗಡಿಯವರು ಫೋನಿನಲ್ಲೇ ಲೆಕ್ಕ ಕೊಟ್ಟರು. ನನ್ನ ಎರಡು ತಿಂಗಳ ಮನೆಖರ್ಚನ್ನು ಮೀರಿದ ಮೊತ್ತ. ನನಗೆ ಸಂಬಳವಾದರೂ ಬರುತ್ತಿತ್ತು. ನಮ್ಮ ಬೀದಿಯಲ್ಲೇ ಖಾಸಗಿ ಶಾಲೆಯ ಶಿಕ್ಷಕಿಯರಿದ್ದರು. ಆ ತಿಂಗಳುಗಳಲ್ಲಿ ಅವರ ಕೈಗೆ ಬಂದದ್ದು ಅರ್ಧ ಸಂಬಳ, ಕೆಲವರಿಗೆ ಅದೂ ಇಲ್ಲ. ಅವರಿಗೂ ‘ವಿಡಿಯೋ ಮಾಡಿ ಕಳಿಸಿ’ ಎಂಬ ಆದೇಶ ತಪ್ಪಿರಲಿಲ್ಲ. ಪಾಠ ಹೇಳುವವರ ಮೇಲೆ ಯಂತ್ರ ಕೊಳ್ಳುವ ಭಾರವನ್ನೂ ಹೊರಿಸಿದ್ದು ಇಂದಿಗೂ ನನಗೆ ಸರಿ ಕಾಣುವುದಿಲ್ಲ.

ದಾರಿ ತೋರಿಸಿದವರು ಹಿಂದಿನ ಬೀದಿಯ ಮಿಕ್ಸಿಂಗ್ ಅಣ್ಣ. ಮದುವೆ ವಿಡಿಯೋಗಳನ್ನು ಕೂಡಿಸಿ ಸಿ.ಡಿ., ಪೆನ್ ಡ್ರೈವ್ ಮಾಡಿಕೊಡುವ ಕೆಲಸಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂದಮೇಲೆ ಅವರ ಮಷಿನ್ನುಗಳಿಗೆ ಬಟ್ಟೆ ಹೊದಿಸಿದ್ದರು. “ಐವತ್ತು ಮಂದಿ ಮದುವಿಗೆ ವಿಡಿಯೋ ಯಾರ್ ಮಾಡಿಸ್ತಾರ್ರಿ ಮೇಡಂ,” ಎನ್ನುತ್ತಲೇ ಮಾಸ್ಕ್ ಹಾಕಿಕೊಂಡು ಬಂದು, ನಮ್ಮ ಕಂಪ್ಯೂಟರಿನ ಮುಂದೆ ಕೂತರು. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದರು. ರ‍್ಯಾಮ್ ಬಹುತೇಕ ತುಂಬಿತ್ತು. ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿತ್ತು. ಪ್ರೊಸೆಸರ್ ಮಾತ್ರ ಆಗಾಗ ಸುಮ್ಮನೆ ಕಾಯುತ್ತಿತ್ತು. ರ‍್ಯಾಮಿನಲ್ಲಿ ಜಾಗ ಸಾಲದೆ ವಿಂಡೋಸ್ ತನ್ನ ಸಾಮಾನನ್ನು ಹಾರ್ಡ್ ಡಿಸ್ಕಿಗೆ ಸಾಗಿಸುವುದು, ಬೇಕಾದಾಗ ಮರಳಿ ತರುವುದು, ಅದೇ ಡಿಸ್ಕಿನಿಂದ ವಿಡಿಯೋವನ್ನೂ ಓದುವುದು, ಹೀಗೆ ಎಲ್ಲ ಕೆಲಸ ಡಿಸ್ಕನ್ನು ಓದಿ ಬರೆಯುವ ಒಂದೇ ಸೂಜಿಯ ಮೇಲೆ ಬಿದ್ದಿತ್ತು.

ಆಮೇಲೆ ಅವರು ನನ್ನ ಫೋನ್ ಕೇಳಿದರು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಹೈ ಎಫಿಶಿಯೆನ್ಸಿ’ ಎಂಬುದು ಆನ್ ಆಗಿತ್ತು. ಅಂದರೆ ಫೋನ್ ವಿಡಿಯೋವನ್ನು ಎಚ್.265 ಎಂಬ ಹೊಸ ಬಗೆಯಲ್ಲಿ ಹಿಂಡಿ ಇಡುತ್ತಿತ್ತು. ಫೈಲು ಚಿಕ್ಕದಾಗುತ್ತದೆ, ನಿಜ. ಆದರೆ ಅದನ್ನು ಬಿಚ್ಚುವ ಏರ್ಪಾಡು ನಮ್ಮ ಮೂರನೇ ಪೀಳಿಗೆಯ ಚಿಪ್ಪಿನಲ್ಲಿ ಇಲ್ಲವೇ ಇಲ್ಲ. ಎಲ್ಲವನ್ನೂ ಪ್ರೊಸೆಸರ್ ತಾನೇ ಲೆಕ್ಕ ಹಾಕಿ ಬಿಡಿಸಬೇಕು. ಅದನ್ನು ಆಫ್ ಮಾಡಿ ಹಳೆಯ ಎಚ್.264ಕ್ಕೆ ಬಂದರೆ, ಅದನ್ನು ಬಿಚ್ಚಲು ಆ ಚಿಪ್ಪಿನಲ್ಲೇ ಪ್ರತ್ಯೇಕ ಭಾಗವಿದೆ. ಒಂದೇ ಗುಂಡಿ. ಆ ಸಂಜೆ ಮೊದಲ ಬಾರಿಗೆ ನನ್ನ ಮುಖ, ನನ್ನ ದನಿ ಜೊತೆಯಾಗಿ ಚಲಿಸಿದವು.

ಅಣ್ಣ ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. “ಆವಾಗ ಪೆಂಟಿಯಂ 4ರಾಗ, 1 ಜಿಬಿ ರ‍್ಯಾಮ್ ಇಟ್ಕಂಡು ಮೂರು ಮೂರು ಗಂಟಿ ಮದುವಿ ಮಿಕ್ಸಿಂಗ್ ಮಾಡೀವ್ರಿ ಮೇಡಂ. ಈಗಿನ ಫೋನಿಂದು ಅದಕ್ಕಿಂತ ಕಷ್ಟ.” ಅದು ಡಿವಿ ಟೇಪಿನ ಕಾಲ. ಒಂದು ಗಂಟೆಯ ಟೇಪು ಫೈರ್‌ವೈರ್ ಕೇಬಲ್ಲಿನಲ್ಲಿ ಇಳಿದು ಡಿಸ್ಕಿನ ಮೇಲೆ ಸುಮಾರು 13 ಜಿಬಿ ಹಿಡಿಯುತ್ತಿತ್ತು. ಅಷ್ಟು ದೊಡ್ಡ ಫೈಲು ಅಷ್ಟು ಬಡ ಯಂತ್ರದಲ್ಲಿ ಓಡಿದ್ದು ಹೇಗೆ? ಡಿವಿಯಲ್ಲಿ ಪ್ರತಿ ಚಿತ್ರವೂ ತನ್ನಷ್ಟಕ್ಕೆ ಪೂರ್ಣ. ಯಾವ ಚಿತ್ರ ಬೇಕೋ ಅದನ್ನು ನೇರ ತೆಗೆದುಕೊಳ್ಳಬಹುದು. ಫೋನಿನ ಎಚ್.264 ಹಾಗಲ್ಲ. ಒಂದು ಪೂರ್ಣ ಚಿತ್ರ ಇಟ್ಟು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಮಕ್ಕಳಿಗೆ ನಾನು ಇದನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೋರಿಸಿ ಹೇಳುತ್ತೇನೆ: ಮೊದಲ ಸಾಲಿನಲ್ಲಿ ಹಳೇ ಬಾಕಿ ಇರುತ್ತದೆ, ಕೆಳಗೆ ಬರೀ ಕೊಟ್ಟದ್ದು-ತಂದದ್ದು, ನಡುವಿನ ಒಂದು ದಿನದ ಬಾಕಿ ಬೇಕಾದರೆ ಮೇಲಿನಿಂದ ಕೂಡಿಸಿಕೊಂಡೇ ಬರಬೇಕು. ನಾನು ಮೌಸನ್ನು ಟೈಮ್‌ಲೈನಿನ ಮೇಲೆ ಹಿಂದೆ ಮುಂದೆ ಎಳೆದಾಗಲೆಲ್ಲ ನಮ್ಮ ಐ3 ಅಂಥ ಲೆಕ್ಕವನ್ನು ಮೇಲಿನಿಂದ ಹಾಕುತ್ತಿತ್ತು.

ಹಿಂಡದೆ ಇಟ್ಟರೆ ಏನಾದೀತೆಂದು ಹಾಳೆಯ ಮೇಲೆ ಲೆಕ್ಕ ಮಾಡಿ ನೋಡಿದೆ. 1920 ಗುಣಿಲೆ 1080 ಎಂದರೆ 20,73,600 ಚುಕ್ಕಿ. ಒಂದೊಂದಕ್ಕೆ ಮೂರು ಬೈಟ್, ಸೆಕೆಂಡಿಗೆ 30 ಚಿತ್ರ. ಸೆಕೆಂಡಿಗೆ ಸುಮಾರು 187 ಎಂಬಿ. ನಮ್ಮಂಥ ಹಾರ್ಡ್ ಡಿಸ್ಕ್ ಓದುವುದು ಸೆಕೆಂಡಿಗೆ ನೂರು, ನೂರೈವತ್ತು ಎಂಬಿ. ಹಿಂಡದಿದ್ದರೆ ಡಿಸ್ಕ್ ಸೋಲುತ್ತದೆ, ಹಿಂಡಿದರೆ ಪ್ರೊಸೆಸರ್ ಬಳಲುತ್ತದೆ. ಎರಡರ ನಡುವಿನ ದಾರಿಗೆ ಪ್ರಾಕ್ಸಿ ಎನ್ನುತ್ತಾರೆ. ಅಸಲು ವಿಡಿಯೋದ ಚಿಕ್ಕ, ಹಗುರ ನಕಲನ್ನು ಪ್ರೋಗ್ರಾಂ ತಾನೇ ಮಾಡಿಕೊಳ್ಳುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ಆ ನಕಲಿನ ಮೇಲೆ. ಕೊನೆಗೆ ಫೈಲು ಹೊರತೆಗೆಯುವಾಗ ಮಾತ್ರ ಅಸಲನ್ನು ಮುಟ್ಟುತ್ತದೆ. ನಕಲು ಮಾಡಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಅನ್ನಕ್ಕೆ ಇಟ್ಟು, ಅತ್ತೆಗೆ ಮಾತ್ರೆ ಕೊಟ್ಟು ಬರುವಷ್ಟರಲ್ಲಿ ಆಗಿರುತ್ತಿತ್ತು.

ಪ್ರೋಗ್ರಾಮಿನ ವಿಷಯದಲ್ಲಿ ನನಗೆ ನೆರವಾದದ್ದು ಇಲಾಖೆಯ ಹಳೆಯ ತರಬೇತಿ. ಸಬ್ಜೆಕ್ಟ್ ಟೀಚರ್ ಫೋರಂ ಹೆಸರಿನಲ್ಲಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ, ವಿಂಡೋಸಿನ ಬದಲು ಬಳಸಬಹುದಾದ ಉಬುಂಟು ಕಲಿಸಿದ್ದರು. ಪುಕ್ಕಟೆ ಸಿಗುವ, ಹಂಚಿಕೊಳ್ಳಲು ಅಡ್ಡಿಯಿಲ್ಲದ ತಂತ್ರಾಂಶಗಳಲ್ಲೇ ಪಾಠ ತಯಾರಿಸುವುದನ್ನು ಅಲ್ಲಿ ಕಲಿತಿದ್ದೆವು. ವಿಂಡೋಸಿನ ಪಕ್ಕದಲ್ಲಿ ಅದನ್ನು ಹಾಕಿಸಿಕೊಂಡು ಮರೆತಿದ್ದ ನಾನು ಈಗ ಆ ಕಡೆಗೇ ಬಂದೆ. ಉಬುಂಟುವಿನ ಹಗುರ ರೂಪ ನಮ್ಮ ಯಂತ್ರದಲ್ಲಿ ರ‍್ಯಾಮನ್ನು ಬಹಳ ಕಡಿಮೆ ತಿನ್ನುತ್ತಿತ್ತು. ಕೆಡೆನ್‌ಲೈವ್ ಎಂಬ ಎಡಿಟಿಂಗ್ ಪ್ರೋಗ್ರಾಮಿನಲ್ಲಿ ಪ್ರಾಕ್ಸಿ ಸೌಲಭ್ಯ ಇತ್ತು. ಕನ್ನಡ ಅಕ್ಷರವೂ ಸರಿಯಾಗಿ ಮೂಡಿತು. ಇದನ್ನು ಸಣ್ಣ ಮಾತೆಂದುಕೊಳ್ಳಬಾರದು. ವಿಂಡೋಸಿನಲ್ಲಿ ಮೊದಲು ಹಚ್ಚಿದ್ದ ಪ್ರೋಗ್ರಾಮಿನಲ್ಲಿ ‘ವಕ್ರೀಭವನ’ ಎಂದು ಬರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತಿತ್ತು. ಪರೀಕ್ಷೆಯಲ್ಲಿ ಮಕ್ಕಳು ಬರೆಯಬೇಕಾದ ಪದವನ್ನು ಮುರಿದು ತೋರಿಸಲು ನನಗೆ ಮನಸ್ಸಾಗಲಿಲ್ಲ.

ಆದರೂ ಪಾಠದ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಇದು ಕಂಪ್ಯೂಟರಿನ ಬಡತನವೆಂದೇ ಎಲ್ಲರೂ ಹೇಳುತ್ತಿದ್ದರು. ಕಾರಣ ಬೇರೆಯೇ ಇತ್ತು. ಬೆಳಕು ಕಡಿಮೆಯಾದಾಗ ಫೋನ್ ಸೆಕೆಂಡಿಗೆ ಮೂವತ್ತರ ಬದಲು ಕಡಿಮೆ ಚಿತ್ರ ತೆಗೆಯುತ್ತದೆ, ಮತ್ತೆ ಹೆಚ್ಚಿಸುತ್ತದೆ. ಎಡಿಟಿಂಗ್ ಪ್ರೋಗ್ರಾಂ ಮಾತ್ರ ಎಲ್ಲ ಸೆಕೆಂಡಿನಲ್ಲೂ ಮೂವತ್ತೇ ಇವೆಯೆಂದು ನಂಬುತ್ತಿತ್ತು. ಎಷ್ಟೇ ದುಬಾರಿ ಯಂತ್ರ ತಂದರೂ ಈ ಬಿರುಕು ಇದ್ದೇ ಇರುತ್ತಿತ್ತು. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ಪ್ರೋಗ್ರಾಮಿನಲ್ಲಿ ಮೊದಲೇ ಚಿತ್ರಗಳ ವೇಗವನ್ನು ಒಂದೇ ಸಮ ಮಾಡಿಕೊಂಡು ಆಮೇಲೆ ಎಡಿಟಿಂಗ್‌ಗೆ ತಂದೆ, ತುಟಿ-ಮಾತು ಕೂಡಿಕೊಂಡವು.

ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಊರೂರಿಗೆ ಹೋಗಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಕಲಿಸುವ ಕಾರ್ಯಕ್ರಮ. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು. ಇದ್ದಷ್ಟು ದಿನ ಅದು ನನಗೇ ಹೆಚ್ಚು ಕಲಿಸಿತು. ಒಂದು ಮನೆಯ ಜಗಲಿಯ ಮೇಲೆ ಮೂವರು ಹುಡುಗಿಯರು ಗಾಜು ಒಡೆದ ಒಂದು ಫೋನಿನಲ್ಲಿ ನನ್ನ ಬೆಳಕಿನ ಪಾಠ ನೋಡುತ್ತಿದ್ದರು. ಹಗಲು ಫೋನ್ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ. ರಾತ್ರಿ ಬಂದಮೇಲೆ, ಆ ದಿನದ ಡೇಟಾ ಉಳಿದಿದ್ದರೆ, ಪಾಠ ಇಳಿಸಿಕೊಳ್ಳುತ್ತಾರೆ. ನಾನು ಬಗ್ಗಿ ನೋಡಿದೆ. ಸೀಮೆಸುಣ್ಣದಲ್ಲಿ ಎಳೆದ ಪತನ ಕಿರಣ ಆ ಪರದೆಯಲ್ಲಿ ಕಾಣುತ್ತಲೇ ಇರಲಿಲ್ಲ. “ಗೆರಿ ಎಲ್ಲೈತಿ ಮೇಡಂ?” ಎಂದು ಅವರಲ್ಲೊಬ್ಬಳು ಕೇಳಿದಳು.

ಆ ಪ್ರಶ್ನೆಯ ಮೇಲೆ ನನ್ನ ಕೆಲಸವೇ ತಿರುಗಿತು. ಫುಲ್ ಎಚ್‌ಡಿಗೆ ಕಂಪ್ಯೂಟರನ್ನು ದಣಿಸಿ ಏನು ಪ್ರಯೋಜನ? ಆಗ ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಬಹುದಾದದ್ದು 16 ಎಂಬಿ ಮಾತ್ರ. ಅದಕ್ಕಿಂತ ದೊಡ್ಡದಾದರೆ ಡಾಕ್ಯುಮೆಂಟ್ ಎಂದು ಕಳಿಸಬೇಕು, ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಮಕ್ಕಳ ಡೇಟಾ ಮುಗಿಯುತ್ತಿತ್ತು. 854 ಗುಣಿಲೆ 480ಕ್ಕೆ ಇಳಿದೆ. ಚುಕ್ಕಿಗಳ ಲೆಕ್ಕದಲ್ಲಿ ಫುಲ್ ಎಚ್‌ಡಿಯ ಐದನೇ ಒಂದು ಪಾಲು. ನಮ್ಮ ಐ3 ಉಸಿರಾಡಿತು. ಸೀಮೆಸುಣ್ಣ ಬಿಟ್ಟು ಬಿಳಿ ಡ್ರಾಯಿಂಗ್ ಹಾಳೆ, ದಪ್ಪ ಮಾರ್ಕರ್ ಹಿಡಿದೆ. ಎಂಟು ನಿಮಿಷದ ಪಾಠ 16 ಎಂಬಿಯೊಳಗೆ ಕೂರಬೇಕೆಂದರೆ ಸೆಕೆಂಡಿಗೆ ಸುಮಾರು 260 ಕಿಲೋಬಿಟ್ ಮಾತ್ರ ಸಿಗುತ್ತದೆ, ಅದರಲ್ಲೇ ದನಿಗೂ ಪಾಲು. ಬದಲಾದದ್ದನ್ನು ಮಾತ್ರ ಬರೆದುಕೊಳ್ಳುವ ಎಚ್.264 ಇಲ್ಲಿ ನನ್ನ ಪರವಾಗಿ ನಿಂತಿತು. ಹಿನ್ನೆಲೆ ಅಲುಗಾಡದಿದ್ದರೆ ಬರೆದುಕೊಳ್ಳಲು ಏನೂ ಇಲ್ಲ; ಉಳಿದ ಬಿಟ್‌ಗಳೆಲ್ಲ ನನ್ನ ಕೈಗೆ, ಗೆರೆಗೆ. ಕಿಟಕಿಯ ಪರದೆ ತೆಗೆದಿಟ್ಟೆ. ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ತಿಳಿಯದಂತೆ ಮಿಣುಕುತ್ತದೆ, ಕ್ಯಾಮೆರಾಗೆ ಪ್ರತಿ ಚಿತ್ರವೂ ಬೇರೆ ಕಾಣುತ್ತದೆ. ಅದನ್ನು ಆರಿಸಿ ಬೆಳಗಿನ ಬಿಸಿಲು ಬೀಳುವ ವರಾಂಡಕ್ಕೆ ಬಂದೆ. ಕಸದ ಆಟೋದ ಹಾಡು ಬರುವ ಮುಂಚೆ, ಮುಖ್ಯ ರಸ್ತೆಯ ಹಾರ್ನು ಏರುವ ಮುಂಚೆ ಪಾಠ ಮುಗಿಸಬೇಕಿತ್ತು. ಬೇಗ ಏಳುವುದು ಅಭ್ಯಾಸವಾಯಿತು.

ದೀಪಾವಳಿ ಹೊತ್ತಿಗೆ ಯಂತ್ರಕ್ಕೆ ಎರಡು ಸಾಮಾನು ಹಾಕಿಸಿದೆ: ಹಳೆಯ ಡಿಡಿಆರ್3 ಬಗೆಯ ಇನ್ನೊಂದು 4 ಜಿಬಿ ರ‍್ಯಾಮ್, ಸೂಜಿಯೇ ಇಲ್ಲದ 240 ಜಿಬಿಯ ಎಸ್‌ಎಸ್‌ಡಿ. ಹೊಸ ಕಂಪ್ಯೂಟರಿನ ಬೆಲೆಯ ಒಂದು ಸಣ್ಣ ಭಾಗ. ಡಿಸ್ಕಿನ ಸೂಜಿಗೆ ಕಾಯುವುದು ಅಲ್ಲಿಗೆ ನಿಂತಿತು.

ಇಷ್ಟಾದರೂ ಕರೆಂಟು ನಮ್ಮ ಕೈಯಲ್ಲಿರಲಿಲ್ಲ. ರೆಂಡರ್ ಎಂದರೆ ಕತ್ತರಿಸಿ ಜೋಡಿಸಿದ್ದನ್ನೆಲ್ಲ ಹೊಸದಾಗಿ ಹಿಂಡಿ ಒಂದು ಫೈಲಾಗಿ ಬರೆಯುವುದು. ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆಯೆಂಬ ಪಟ್ಟಿಯನ್ನು ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುತ್ತದೆ. ನೂರರಲ್ಲಿ ತೊಂಬತ್ತೆಂಟು ಮುಗಿದಾಗ ಕರೆಂಟು ಹೋದರೆ ಆ ಪಟ್ಟಿ ಇಲ್ಲ. ಫೈಲಿನ ತೂಕ ಇರುತ್ತದೆ, ತೆರೆಯುವುದಿಲ್ಲ. ನಮ್ಮ ಯುಪಿಎಸ್ಸಿನ ಬ್ಯಾಟರಿ ಹಳತಾಗಿ, ಕೂಗುತ್ತ ಕೂಗುತ್ತಲೇ ಆರುತ್ತಿತ್ತು. ಸಂಜೆ ಎಲ್ಲರ ಮನೆಯ ನೀರಿನ ಮೋಟರು ಹಚ್ಚುವ ಹೊತ್ತಿಗೆ ವೋಲ್ಟೇಜು ಇಳಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿಸುವವರೆಗೂ ಆ ಬೀಪ್ ಸದ್ದಿಗೆ ನಿದ್ದೆಯಲ್ಲೂ ಎದ್ದು ಕೂರುತ್ತಿದ್ದೆ. ಆಮೇಲಿಂದ ಉದ್ದ ಪಾಠವನ್ನು ಒಂದೇ ಫೈಲಾಗಿ ಮಾಡಲೇ ಇಲ್ಲ. ಪರಿಕಲ್ಪನೆಗೊಂದು ತುಣುಕು, ಹೋದರೆ ಒಂದು ತುಣುಕು ಹೋಗಲಿ ಎಂದು.

2021ರ ಜನವರಿ 1ಕ್ಕೆ ಹತ್ತನೆಯವರಿಗೆ ಶಾಲೆ ತೆರೆಯಿತು. ಆ ಸಂತೋಷ ಏಪ್ರಿಲ್‌ವರೆಗೆ. ಎರಡನೇ ಅಲೆಯಲ್ಲಿ ಮತ್ತೆ ಎಲ್ಲ ಮುಚ್ಚಿ, ಜೂನ್ 21ಕ್ಕೆ ಇದ್ದ ಪರೀಕ್ಷೆ ಮುಂದಕ್ಕೆ ಹೋಯಿತು. ಏಪ್ರಿಲ್, ಮೇ ಎಂದರೆ ಬಳ್ಳಾರಿಯಲ್ಲಿ ನಲವತ್ತು ಡಿಗ್ರಿಯ ದಿನಗಳು. ಪ್ರೊಸೆಸರ್ ಒಂದು ಮಿತಿ ಮೀರಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ; ಚಳಿಗಾಲದಲ್ಲಿ ಬೇಗ ಆಗುತ್ತಿದ್ದ ರೆಂಡರ್ ಬೇಸಿಗೆಯಲ್ಲಿ ಎಳೆದಾಡಿತು. ವಿದ್ಯುತ್ ಹರಿದಾಗ ತಂತಿ ಏಕೆ ಬಿಸಿಯಾಗುತ್ತದೆ ಎಂಬ ಪಾಠವನ್ನೇ ಆಗ ರೆಂಡರ್ ಮಾಡುತ್ತಿದ್ದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಲ್ಲಿ ಕೆರೆದು, ಚಿಪ್ಪಿನ ಮೇಲಿನ ಒಣಗಿದ ಪೇಸ್ಟ್ ಬದಲಿಸಿಕೊಟ್ಟವರೂ ಮಿಕ್ಸಿಂಗ್ ಅಣ್ಣನೇ. ರೆಂಡರನ್ನು ಬೆಳಗಿನ ಜಾವಕ್ಕೆ ಹಾಕುವುದೆಂದು ಇಬ್ಬರೂ ತೀರ್ಮಾನಿಸಿದೆವು.

ಆ ಮೇ ತಿಂಗಳಲ್ಲಿ ನಮ್ಮ ಮನೆಗೂ ಸೋಂಕು ಬಂತು. ಅತ್ತೆ ಆಸ್ಪತ್ರೆ ಸೇರಿದರು, ಗುಣವಾಗಿ ಬಂದರು. ನಾನು ಒಂದು ಕೋಣೆಯಲ್ಲಿ ಬೇರೆಯಾಗಿದ್ದೆ, ಕಂಪ್ಯೂಟರನ್ನು ಅಲ್ಲಿಗೇ ಇಡಿಸಿಕೊಂಡಿದ್ದೆ. ಮಾತಾಡಲು ಕೆಮ್ಮು ಬಿಡುತ್ತಿರಲಿಲ್ಲ. ಹಳೆಯ ತುಣುಕುಗಳನ್ನೇ ಕೂಡಿಸಿ ಪುನರಾವರ್ತನೆಯ ಸರಣಿ ಮಾಡಿದೆ. ಜುಲೈ 19 ಮತ್ತು 22, ಎರಡೇ ದಿನದಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ, ಆ ವರ್ಷದ ಪರೀಕ್ಷೆ ಮುಗಿಯಿತು. ವಿಜ್ಞಾನ ಮೊದಲ ದಿನ, ಗಣಿತ, ಸಮಾಜ ವಿಜ್ಞಾನದ ಜೊತೆ. “ಗೆರಿ ಎಲ್ಲೈತಿ” ಎಂದಿದ್ದ ಹುಡುಗಿ ಹೊರಗೆ ಬಂದು, ಮಸೂರದ ಪ್ರಶ್ನೆಗೆ ನಿಮ್ಮ ದಪ್ಪ ಗೆರೆಯನ್ನೇ ನೆನೆದು ಗುರುತು ಹಾಕಿದೆ ಎಂದಳು.

ಈಗಲೂ ಶಿಕ್ಷಕರು ಕೇಳುತ್ತಾರೆ, ನಮ್ಮ ಮನೆಯ ಕಂಪ್ಯೂಟರ್ ವಿಡಿಯೋ ಎಡಿಟಿಂಗ್‌ಗೆ ಸಾಕಾಗುತ್ತದೆಯೇ ಎಂದು. ಈಚೆಗೆ ಸಿರುಗುಪ್ಪದ ಒಬ್ಬ ಕಿರಿಯ ಶಿಕ್ಷಕ ತಮ್ಮ ಹಳೆಯ ಲ್ಯಾಪ್‌ಟಾಪ್ ಹೊತ್ತು ಬಂದಿದ್ದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಚಿಪ್ಪುಗಳನ್ನು ಒಪ್ಪುವುದಿಲ್ಲ. ಅವರದು ಐದನೆಯದು, ಬಿಸಾಕಬೇಕೇ ಎಂಬ ಚಿಂತೆ. 4ಕೆ ಮಾಡಬೇಕೆಂಬ ಆಸೆಯೂ ಇತ್ತು. 4ಕೆ ಈ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಆಗುವುದಿಲ್ಲ ಎಂದು ನೇರವಾಗಿ ಹೇಳಿದೆ. ಅದು ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿ. ಅದಕ್ಕೆ 16 ಜಿಬಿ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅನುಕೂಲ. ಆಮೇಲೆ ಕೇಳಿದೆ: “ಸರ್, ನಿಮ್ಮ ಮಕ್ಕಳು ಎದರಾಗ ನೋಡ್ತಾರೆ?” ಫೋನಿನಾಗ ಮೇಡಂ, ಅಂದರು. ಉಬುಂಟು ಹಾಕಿ, ಅವರದೇ ಫೋನಿನ ಒಂದು ಪಾಠವನ್ನು ಪ್ರಾಕ್ಸಿ ಮಾಡಿ ಓಡಿಸಿ ತೋರಿಸಿದೆ. ತಡೆಯಿಲ್ಲದೆ ಓಡಿತು. ಎಸ್‌ಎಸ್‌ಡಿಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಹೊಸ ಲ್ಯಾಪ್‌ಟಾಪಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಮೊದಲು ಒಂದು ಕಾಲರ್ ಮೈಕ್ ತಗೊಳ್ಳಿ ಎಂದೆ.